ಕಾಫಿ ತೋಟದ ಅಂಗಳದಲ್ಲಿ ಪಾಮ್: ಒಂದೇ ಸುಳಿಯ ಮರವನ್ನು ಬೆಳೆಸುವ ಬಗೆ

ಕೊಡಗಿನಲ್ಲಿ ಹೊಸ ಮನೆಯನ್ನೋ ಹೋಂಸ್ಟೇಯನ್ನೋ ಕಟ್ಟಿದವರು ಗೇಟಿನಿಂದ ಅಂಗಳದವರೆಗೆ ಎರಡು ಸಾಲು ಪಾಮ್ ನೆಡುವುದು ಈಗ ವಾಡಿಕೆಯಾಗಿದೆ. ನರ್ಸರಿಯಿಂದ ಬಂದಾಗ ಗಿಡಗಳು ಹಸಿರಾಗಿ ನಳನಳಿಸುತ್ತಿರುತ್ತವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಗರಿಗಳು ಹಳದಿಯಾಗುತ್ತವೆ, ಹೊಸ ಗರಿಗಳು ಗಿಡ್ಡವಾಗುತ್ತವೆ, ಸಾಲಿನ ನಡುವೆ ಒಂದೆರಡು ಗಿಡಗಳ ಸುಳಿಯೇ ಕೊಳೆತಿರುತ್ತದೆ. ನಮ್ಮ ಚಳಿಗೆ ಪಾಮ್ ಬರುವುದಿಲ್ಲ ಎಂದು ಮನೆಯವರು ತೀರ್ಮಾನಿಸುತ್ತಾರೆ. ಚಳಿಗೆ ಒಗ್ಗದ ಪಾಮ್‌ಗಳು ಇರುವುದು ನಿಜ. ಆದರೆ ಇಲ್ಲಿ ಸೊರಗುವ ಪಾಮ್‌ಗಳಲ್ಲಿ ಹೆಚ್ಚಿನವನ್ನು ಕೆಡಿಸುವುದು ಚಳಿಯಲ್ಲ. ನೀರು ನಿಲ್ಲುವ ಗುಂಡಿ, ಮಳೆಗೆ ತೊಳೆದುಹೋದ ಪೊಟ್ಯಾಷ್, ಮತ್ತು ಬೇಡದ ಕಡೆ ಬೀಳುವ ಕತ್ತಿ.

ಕತ್ತಿಯ ವಿಷಯ ಹೇಳಲೇಬೇಕು. ಕೊಡಗಿನ ತೋಟದವರಿಗೆ ಗಿಡ ಕಡಿದು ಬೆಳೆಸುವ ವಿದ್ಯೆ ಚೆನ್ನಾಗಿ ಗೊತ್ತು. ಕಾಫಿಯ ಕಸಿ (ರೆಂಬೆ ಸವರುವುದು), ಚಿಗುರು ತೆಗೆಯುವುದು, ಮಳೆಗೆ ಮುಂಚೆ ನೆರಳು ಮರಗಳ ಕೊಂಬೆ ಕಡಿಯುವ ಮರಗಸಿ, ಇವೆಲ್ಲ ತಲೆಮಾರುಗಳಿಂದ ಪಳಗಿದ ಕೆಲಸಗಳು. ಮುದಿ ಕಾಫಿ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದುಬಿಟ್ಟರೂ ಮತ್ತೆ ಚಿಗುರುತ್ತದೆ. ಅದೇ ಕೈ, ಅದೇ ನಂಬಿಕೆ ಪಾಮ್ ಗಿಡದ ಮೇಲೆ ಬಿದ್ದಾಗ ಮಾತ್ರ ಅನಾಹುತವಾಗುತ್ತದೆ. ಪಾಮ್‌ನ ದೇಹದ ಕಟ್ಟಡವೇ ಬೇರೆ. ಅದನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಆರೈಕೆಯ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅವು ತಾವಾಗಿಯೇ ಹೊಳೆಯುತ್ತವೆ.

ಪಾಮ್‌ನ ದೇಹ

ಕಾಫಿ, ಹಲಸು, ಸಿಲ್ವರ್ ಓಕ್ ಮರಗಳ ತೊಗಟೆಯ ಅಡಿಯಲ್ಲಿ ತೆಳುವಾದ ಜೀವಂತ ಪದರವೊಂದಿರುತ್ತದೆ. ವರ್ಷ ವರ್ಷವೂ ಕಾಂಡವನ್ನು ದಪ್ಪವಾಗಿಸುವುದು, ಗಾಯವಾದರೆ ಸುತ್ತಲಿಂದ ಬೆಳೆದು ಮುಚ್ಚುವುದು ಈ ಪದರದ ಕೆಲಸ. ಜೊತೆಗೆ ಕಾಂಡದ ಗೆಣ್ಣುಗಳಲ್ಲಿ ಮಲಗಿರುವ ಮೊಗ್ಗುಗಳು ತುದಿ ಕಡಿದಾಗ ಎದ್ದು ಚಿಗುರುತ್ತವೆ. ಪಾಮ್‌ಗೆ ಆ ಪದರವೂ ಇಲ್ಲ, ಕಾಂಡದಲ್ಲಿ ಹಾಗೆ ಎದ್ದು ಬರುವ ಮೊಗ್ಗುಗಳೂ ಇಲ್ಲ. ಬಿದಿರು, ಶುಂಠಿ, ಏಲಕ್ಕಿಗಳಂತೆ ಅದು ಏಕದಳ ಸಸ್ಯ. ಅದರ ಕಾಂಡ ನೂರಾರು ನಾರಿನ ಎಳೆಗಳನ್ನು ಸೇರಿಸಿ ಹೊಸೆದ ಹಗ್ಗದ ಹಾಗೆ: ನೀರು, ಆಹಾರ ಸಾಗುವ ಎಳೆಗಳು ಕಾಂಡದ ಉದ್ದಗಲಕ್ಕೂ ಹರಡಿಕೊಂಡಿರುತ್ತವೆ. ಕಾಂಡದ ಮೇಲೆ ಬಿದ್ದ ಗಾಯ ಮರ ಬದುಕಿರುವವರೆಗೂ ಹಾಗೆಯೇ ಉಳಿಯುತ್ತದೆ. ದೀಪಾಲಂಕಾರಕ್ಕೆಂದು ಹೊಡೆದ ಮೊಳೆ, ಕಳೆ ಕತ್ತರಿಸುವ ಯಂತ್ರ ಬುಡಕ್ಕೆ ತಾಗಿ ಆದ ಸೀಳು, ಹತ್ತಲು ಮಾಡಿಕೊಂಡ ಕಚ್ಚು, ಯಾವುದೂ ಮಾಯುವುದಿಲ್ಲ. ಕೀಟಕ್ಕೂ ಶಿಲೀಂಧ್ರಕ್ಕೂ ಅವೇ ಬಾಗಿಲುಗಳು.

ಇಡೀ ಮರದ ಬೆಳವಣಿಗೆ ನಡೆಯುವುದು ಒಂದೇ ಜಾಗದಲ್ಲಿ, ತಲೆಯ ನಡುವಿನ ಸುಳಿಯಲ್ಲಿ. ಮುಂದೆ ಬರಬೇಕಾದ ಗರಿಗಳೆಲ್ಲ ಅಲ್ಲಿ ತಿಂಗಳುಗಟ್ಟಲೆ ಮೊದಲೇ ರೂಪುಗೊಳ್ಳುತ್ತಿರುತ್ತವೆ. ಸುಳಿ ಸತ್ತರೆ ಆ ಕಾಂಡ ಸತ್ತಿತು. ಅರೆಕಾ ಪಾಮ್, ರಾಪಿಸ್‌ಗಳಂತೆ ಬುಡದಿಂದ ಮೆಳೆಯಾಗಿ ಏಳುವ ಜಾತಿಗಳಲ್ಲಿ ಪಕ್ಕದ ಕಾಂಡಗಳು ಉಳಿದುಕೊಳ್ಳುತ್ತವೆ. ರಾಯಲ್ ಪಾಮ್, ಫಾಕ್ಸ್‌ಟೇಲ್‌ಗಳಂಥ ಒಂಟಿ ಕಾಂಡದ ಜಾತಿಗಳಿಗೆ ಎರಡನೆಯ ಅವಕಾಶವಿಲ್ಲ.

ಎಳೆಯ ಪಾಮ್ ವರ್ಷಗಟ್ಟಲೆ ಎತ್ತರಕ್ಕೆ ಏಳುವುದೇ ಇಲ್ಲ. ಗರಿ ಬರುತ್ತದೆ, ಹೋಗುತ್ತದೆ, ಕಾಂಡ ಕಾಣಿಸುವುದಿಲ್ಲ. ಗಿಡ ಬೆಳೆಯುತ್ತಿಲ್ಲವೆಂದು ಕಿತ್ತು ಜಾಗ ಬದಲಿಸುವವರು ಈ ಹಂತದಲ್ಲೇ ಕೆಡಿಸುತ್ತಾರೆ. ಮುಂದೆ ಕಾಂಡ ದಪ್ಪವಾಗುವ ದಾರಿ ಹೆಚ್ಚಿನ ಜಾತಿಗಳಿಗೆ ಇಲ್ಲದಿರುವುದರಿಂದ, ಬೇಕಾದ ಸುತ್ತಳತೆಯನ್ನು ಅದು ನೆಲಮಟ್ಟದಲ್ಲೇ ಕಟ್ಟಿಕೊಂಡು ಆಮೇಲೆ ಮೇಲೇಳುತ್ತದೆ. ಒಂದೆರಡು ವರ್ಷ ಗೊಬ್ಬರವೋ ನೀರೋ ಸಿಗದೆ ಸೊರಗಿದರೆ ಆ ಅವಧಿಯಲ್ಲಿ ಬೆಳೆದ ಕಾಂಡ ಸಪೂರವಾಗುತ್ತದೆ. ಆರೈಕೆ ಸಿಕ್ಕ ಮೇಲೆ ಮತ್ತೆ ದಪ್ಪ ಕಾಂಡ ಬರುತ್ತದೆ. ಸೊಂಟ ಹಿಡಿದಂತೆ ಕಾಣುವ ಆ ಭಾಗ ಕೊನೆಯವರೆಗೂ ಹಾಗೆಯೇ ಇರುತ್ತದೆ. ಹಳೆಯ ರಾಯಲ್ ಪಾಮ್ ಕಂಡರೆ ಕಾಂಡದ ಉಬ್ಬುತಗ್ಗುಗಳನ್ನು ಕೆಳಗಿನಿಂದ ಮೇಲಕ್ಕೆ ಗಮನಿಸಿ, ಆ ಮರದ ಒಳ್ಳೆಯ ದಿನಗಳೂ ಕೆಟ್ಟ ದಿನಗಳೂ ಕಾಣಿಸುತ್ತವೆ.

ಬೇರಿನ ವಿಷಯದಲ್ಲಿ ಸಮಾಧಾನದ ಸುದ್ದಿಯಿದೆ. ಪಾಮ್‌ಗೆ ತಾಯಿಬೇರಿಲ್ಲ. ಬುಡದಿಂದ ಹೊರಡುವ ನೂರಾರು ಬೇರುಗಳು ವಯಸ್ಸಾದಂತೆ ದಪ್ಪವಾಗುವುದಿಲ್ಲ, ಹಾಗಾಗಿ ಗೋಡೆ ಸೀಳುವ ಭಯವಿಲ್ಲ. ಆದರೆ ಹೆಚ್ಚಿನ ಬೇರುಗಳು ಮೇಲ್ಮಣ್ಣಿನಲ್ಲೇ ಇರುತ್ತವೆ. ಕೊಡಗಿನಲ್ಲಿ ಇದಕ್ಕೆ ಬೇರೊಂದು ಅರ್ಥವೂ ಇದೆ. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ನಾಡಿನಲ್ಲಿ, ಮನೆಯ ಹಿಂದಿನ ಇಳಿಜಾರಿನ ಕಾಡುಮರಗಳನ್ನು ತೆಗೆದು ಪಾಮ್ ಸಾಲು ಹಾಕುವುದನ್ನು ನಾನು ಯಾರಿಗೂ ಹೇಳಲಾರೆ. ಪಾಮ್ ಅಂಗಳದ ಅಲಂಕಾರಕ್ಕೆ ಸರಿ, ದಿಣ್ಣೆ ಹಿಡಿದು ನಿಲ್ಲಿಸುವ ಕೆಲಸಕ್ಕಲ್ಲ.

ಯಾವ ಊರಿಗೆ ಯಾವ ಪಾಮ್

ಕೊಡಗು ಎಂದರೆ ಒಂದೇ ಹವೆಯಲ್ಲ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಅಲ್ಲಿಂದ ಮೂವತ್ತು ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಮಳೆ ಅದರ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ, ಬಿಸಿಲು ಮೈಸೂರಿನ ಬಿಸಿಲಾಗುತ್ತದೆ. ಸಂಪಾಜೆ, ಚೆಂಬು, ಪೆರಾಜೆಗಳು ಘಟ್ಟದ ಕೆಳಗಿನ ಅಡಿಕೆ ಸೀಮೆ. ಅಲ್ಲಿನ ಸೆಕೆ ದಕ್ಷಿಣ ಕನ್ನಡದ ಸೆಕೆ. ಬೆಂಗಳೂರಿನ ನರ್ಸರಿಯವರು ಕೊಡುವ ಒಂದೇ ಪಟ್ಟಿ ಈ ಮೂರಕ್ಕೂ ಹೊಂದುವುದು ಸಾಧ್ಯವಿಲ್ಲ.

ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ತಂಪು ಮತ್ತು ತೇವಕ್ಕೆ ನನ್ನ ಮೊದಲ ಆಯ್ಕೆ ಆರ್ಕಾಂಟೋಫೀನಿಕ್ಸ್, ನರ್ಸರಿಗಳಲ್ಲಿ ಕಿಂಗ್ ಪಾಮ್ ಅಥವಾ ಅಲೆಕ್ಸಾಂಡ್ರಾ ಪಾಮ್ ಎನ್ನುತ್ತಾರೆ. ಪೂರ್ವ ಆಸ್ಟ್ರೇಲಿಯಾದ ಮಳೆಕಾಡಿನ ಮರ ಇದು. ನೀರನ್ನೂ ತಂಪನ್ನೂ ಸಹಿಸುತ್ತದೆ, ರಾಯಲ್ ಪಾಮ್‌ನಂತೆಯೇ ನೆಟ್ಟಗೆ ಏಳುತ್ತದೆ, ಅದಕ್ಕಿಂತ ಸಪೂರವಾಗಿ ಚಿಕ್ಕ ಅಂಗಳಕ್ಕೂ ಒಪ್ಪುತ್ತದೆ. ಅದರ ಒಂದು ಬಗೆ ಬ್ರೆಜಿಲ್ ಮತ್ತು ನ್ಯೂಜಿಲೆಂಡ್‌ನಲ್ಲಿ ಹಕ್ಕಿಗಳ ಮೂಲಕ ಕಾಡಿಗೆ ನುಗ್ಗಿ ತೊಂದರೆ ಕೊಟ್ಟಿರುವುದರಿಂದ, ದೇವರಕಾಡಿಗೋ ಮೀಸಲು ಅರಣ್ಯಕ್ಕೋ ಅಂಟಿಕೊಂಡ ಜಮೀನಿನಲ್ಲಿ ನೆಡುವವರು ಹಣ್ಣಿನ ಗೊನೆಗಳನ್ನು ಬಲಿಯುವ ಮೊದಲೇ ತೆಗೆದುಬಿಡಬೇಕು. ಬೀಸಣಿಗೆ ಗರಿಯ ಚೀನಾ ಫ್ಯಾನ್ ಪಾಮ್ ಕೂಡ ಇಲ್ಲಿಯ ಚಳಿಗೆ ಜಗ್ಗುವುದಿಲ್ಲ.

ನೆರಳಿನ ಪಾಮ್‌ಗಳ ಬಗ್ಗೆ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಕೊಡಗಿನವರು ಅವನ್ನು ಅಷ್ಟಾಗಿ ಬಳಸಿಕೊಂಡಿಲ್ಲ. ಕಮೆಡೋರಿಯಾ ಕುಲದ ಪಾಮ್‌ಗಳು ಮೆಕ್ಸಿಕೊ, ಗ್ವಾಟೆಮಾಲಾಗಳ ಕಾಡಿನ ಮರಗಳ ಅಡಿಯಲ್ಲಿ ಬೆಳೆದು ಬಂದವು. ದೊಡ್ಡ ಮರದ ನೆರಳು, ತರಗೆಲೆಯ ಹೊದಿಕೆ, ತೇವದ ಗಾಳಿ, ಹದವಾದ ತಂಪು: ಅವುಗಳಿಗೆ ಬೇಕಾದದ್ದು ಹೆಚ್ಚುಕಡಿಮೆ ಕಾಫಿಗೆ ಬೇಕಾದದ್ದೇ. ಹಲಸು, ಹೊನ್ನೆ, ಬೀಟೆ ಮರಗಳ ಕೆಳಗೆ ಬೇರೇನೂ ಚೆನ್ನಾಗಿ ಬಾರದ ಮೂಲೆಯಲ್ಲಿ ಇವು ಸುಖವಾಗಿರುತ್ತವೆ. ದಕ್ಷಿಣ ಚೀನಾ ಕಡೆಯ ರಾಪಿಸ್ ಇನ್ನೂ ಗಟ್ಟಿ. ಮನೆಯ ಜಗಲಿಯಲ್ಲಿ ಕುಂಡದಲ್ಲಿಟ್ಟರೂ ವರ್ಷಾನುಗಟ್ಟಲೆ ಬಾಳುತ್ತದೆ, ಬೆಳವಣಿಗೆ ನಿಧಾನ, ಕೊಳ್ಳುವಾಗ ದುಬಾರಿ, ಆದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಅರೆಕಾ ಪಾಮ್ ಎಂದು ಎಲ್ಲೆಡೆ ಸಿಗುವುದು ಮಡಗಾಸ್ಕರ್‌ನ ಗಿಡ. ಅರೆನೆರಳಿನಲ್ಲಿ ಹಸಿರಾಗಿ, ಬಿಸಿಲಿನಲ್ಲಿ ಹಳದಿ ಛಾಯೆಯಲ್ಲಿ ಎರಡು ಕಡೆಯೂ ಬದುಕುತ್ತದೆ.

ಕುಶಾಲನಗರ, ಶನಿವಾರಸಂತೆ ಕಡೆಯ ಬಿಸಿಲಿಗೆ ಫಾಕ್ಸ್‌ಟೇಲ್, ಬಿಸ್ಮಾರ್ಕಿಯಾ, ಬಾಟಲ್ ಪಾಮ್‌ಗಳನ್ನು ಧೈರ್ಯವಾಗಿ ನೆಡಬಹುದು. ಫಾಕ್ಸ್‌ಟೇಲ್ ಮೂಲತಃ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕೇಪ್ ಮೆಲ್ವಿಲ್ ಎಂಬ ಬಂಡೆಗಳ ಬೆಟ್ಟಸಾಲಿನಲ್ಲಿ ಮಾತ್ರ ಬೆಳೆಯುತ್ತಿದ್ದ ಮರ, 1983ರಲ್ಲಷ್ಟೇ ಸಸ್ಯಶಾಸ್ತ್ರಕ್ಕೆ ಪರಿಚಯವಾಯಿತು. ಬಂಡೆಗಳ ನಡುವೆ ನೀರು ಸರ್ರನೆ ಇಳಿದುಹೋಗುವ ಜಾಗದಿಂದ ಬಂದದ್ದೆಂದು ನೆನಪಿಟ್ಟುಕೊಂಡರೆ, ನಾಪೋಕ್ಲುವಿನ ಗದ್ದೆ ಬದಿಯಲ್ಲಿ ಅದು ಏಕೆ ಕೊಳೆಯುತ್ತದೆ ಎಂದು ಕೇಳಬೇಕಾಗಿಲ್ಲ. ಬೆಳ್ಳಿಬಣ್ಣದ ಬಿಸ್ಮಾರ್ಕಿಯಾ ಮಡಗಾಸ್ಕರ್‌ನ ಒಣ ಹುಲ್ಲುಗಾವಲಿನದು. ಅದರ ಬೇರಿಗೆ ಕೈ ಹಾಕಿದರೆ ಸಹಿಸುವುದಿಲ್ಲ, ಚಿಕ್ಕದಿರುವಾಗಲೇ ಕಾಯಂ ಜಾಗಕ್ಕೆ ಸೇರಿಸಬೇಕು. ಬಾಟಲ್ ಪಾಮ್ ಕೊಳ್ಳುವಾಗ ಗಮನಿಸಿ: ಆ ಹೆಸರಿನಲ್ಲಿ ಅನೇಕ ಕಡೆ ರಾಯಲ್ ಪಾಮ್ ಸಸಿಯನ್ನೇ ಕೊಡುತ್ತಾರೆ. ನಿಜವಾದ ಬಾಟಲ್ ಪಾಮ್ ಮಾರಿಷಸ್ ಬಳಿಯ ರೌಂಡ್ ದ್ವೀಪದ ಕುಳ್ಳ ಮರ, ಎರಡು ಆಳೆತ್ತರಕ್ಕಿಂತ ಬಹಳ ಮೇಲೆ ಹೋಗುವುದಿಲ್ಲ. ರಾಯಲ್ ಪಾಮ್ ಇಪ್ಪತ್ತು ಮೀಟರ್ ದಾಟುತ್ತದೆ, ಅದರ ಬಲಿತ ಗರಿ ಒಂದೊಂದೂ ಕಿಲೋಗಟ್ಟಲೆ ತೂಗುತ್ತದೆ ಮತ್ತು ತಾನಾಗಿ ಕಳಚಿ ಬೀಳುತ್ತದೆ. ಕಾರು ನಿಲ್ಲಿಸುವ ಜಾಗದ ಮೇಲೂ ಮಕ್ಕಳು ಆಡುವ ಕಡೆಯೂ ಅದನ್ನು ನೆಡಬೇಡಿ.

ಕೆಂಪು ಕಾಂಡದ ಲಿಪ್‌ಸ್ಟಿಕ್ ಪಾಮ್ ಮೇಲೆ ಅನೇಕರಿಗೆ ಆಸೆಯಿದೆ. ಅದು ಮಲೇಷ್ಯಾ ಸುತ್ತಿನ ಬೆಚ್ಚಗಿನ ಜೌಗುಕಾಡಿನ ಗಿಡ. ಡಿಸೆಂಬರ್, ಜನವರಿಯಲ್ಲಿ ಕೆಲವು ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವ ಮಡಿಕೇರಿಯಲ್ಲಿ ಅದನ್ನು ಬದುಕಿಸುವ ಪ್ರಯತ್ನ ಬೇಡ. ಸಂಪಾಜೆಯವರು ನೆಟ್ಟು ನೋಡಬಹುದು. ಟ್ರಾವೆಲರ್ಸ್ ಪಾಮ್, ಸೈಕಸ್ ಇವೆರಡೂ ನಿಜವಾಗಿ ಪಾಮ್‌ಗಳೇ ಅಲ್ಲ, ಇಲ್ಲಿ ಹೇಳುವ ನಿಯಮಗಳು ಅವಕ್ಕೆ ಅನ್ವಯಿಸುವುದಿಲ್ಲ.

ನೆಡುವ ಕಾಲ, ನೆಡುವ ಆಳ

ಮಳೆ ಹಿಡಿದ ಕೂಡಲೇ ಗಿಡ ನೆಡಬೇಕೆಂಬುದು ಬಯಲುಸೀಮೆಗೆ ಸರಿಯಾದ ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಕಾಣದ, ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿರುವ ಪಶ್ಚಿಮ ಕೊಡಗಿನಲ್ಲಿ ಹೊಸ ಪಾಮ್ ಬೇರಿಗೆ ಉಸಿರು ಸಿಗುವುದಿಲ್ಲ. ಅಡಿಕೆಗೆ ಶಿಫಾರಸು ಇರುವುದೂ ಹೀಗೆಯೇ: ನೀರು ಬಸಿಯುವ ಮಣ್ಣಿನಲ್ಲಿ ಮೇ–ಜೂನ್, ಜಿಗುಟು ಮಣ್ಣಿನಲ್ಲಿ ಆಗಸ್ಟ್–ಸೆಪ್ಟೆಂಬರ್. ಅದನ್ನೇ ಅಲಂಕಾರದ ಪಾಮ್‌ಗೂ ಅನುಸರಿಸಬಹುದು. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಜಡಿಮಳೆ ಮುಗಿದು, ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ನೆಡುವುದು ಮಡಿಕೇರಿ, ವಿರಾಜಪೇಟೆ ಸುತ್ತಿನವರಿಗೆ ಕ್ಷೇಮ. ಮಣ್ಣು ಬೆಚ್ಚಗಿರುತ್ತದೆ, ಹದವಾದ ತೇವವಿರುತ್ತದೆ, ಚಳಿಗೆ ಮುಂಚೆ ಬೇರು ಹಿಡಿಯಲು ಎರಡು ತಿಂಗಳು ಸಿಗುತ್ತದೆ. ಕುಶಾಲನಗರದವರು ಜೂನ್‌ನಲ್ಲೇ ನೆಡಬಹುದು.

ಗುಂಡಿಯ ವಿಷಯದಲ್ಲಿ ಅಡಿಕೆಯನ್ನು ಅನುಸರಿಸಬೇಡಿ. ಅಡಿಕೆಗೆ ಮೂರಡಿ ಗುಂಡಿ ತೆಗೆದು, ಅರ್ಧ ತುಂಬಿ, ತಗ್ಗಿನಲ್ಲಿ ಸಸಿ ಇಟ್ಟು ವರ್ಷ ವರ್ಷ ಮಣ್ಣು ಏರಿಸುವ ಪದ್ಧತಿಯಿದೆ. ಬಸಿಗಾಲುವೆಗಳಿರುವ ತೋಟದಲ್ಲಿ ಅದು ನಡೆಯುತ್ತದೆ. ಅಂಗಳದ ಗಟ್ಟಿ ಮಣ್ಣಿನಲ್ಲಿ ಅಂಥ ಗುಂಡಿ ಮಳೆಗಾಲದಲ್ಲಿ ನೀರಿನ ತೊಟ್ಟಿಯಾಗುತ್ತದೆ. ಪಾಮ್ ಕುಂಡದಲ್ಲಿ ಯಾವ ಮಟ್ಟದಲ್ಲಿತ್ತೋ ನೆಲದಲ್ಲೂ ಅದೇ ಮಟ್ಟಕ್ಕಿರಲಿ, ಪಶ್ಚಿಮ ಕೊಡಗಿನಲ್ಲಾದರೆ ಒಂದು ಗೇಣು ಎತ್ತರದ ದಿಬ್ಬದ ಮೇಲೆಯೇ ಇರಲಿ. ಗಾಳಿಗೆ ಅಲುಗಾಡುತ್ತದೆಂದು ಕಾಂಡವನ್ನು ಹೂತರೆ ಬೇರು ಉಸಿರುಗಟ್ಟುತ್ತದೆ. ಅದರ ಬದಲು ಬಿದಿರಿನ ಊರೆಗಳನ್ನು ಕಟ್ಟಿ. ಕಾಂಡಕ್ಕೆ ಗೋಣಿ ಸುತ್ತಿ ಅದರ ಮೇಲೆ ಹಗ್ಗ ಬಿಗಿಯಿರಿ. ಮೊಳೆ ಎಂದಿಗೂ ಬೇಡ.

ನರ್ಸರಿಯ ನೆರಳುಬಲೆಯಡಿ ಬೆಳೆದ ಗಿಡವನ್ನು ಒಮ್ಮೆಗೇ ಬಯಲಿಗೆ ತಂದರೆ ಗರಿಗಳು ಸುಟ್ಟುಹೋಗುತ್ತವೆ. ಸೆಪ್ಟೆಂಬರ್‌ನಲ್ಲಿ ಮೋಡದ ಮರೆಯಲ್ಲಿ ನೆಟ್ಟದ್ದಕ್ಕೆ ಜನವರಿಯ ಬಿಸಿಲಿನ ಹೊತ್ತಿಗೆ ಒಗ್ಗಿಕೊಳ್ಳುವ ಅವಕಾಶ ಸಿಗುತ್ತದೆ. ಅಲ್ಲಿಂದ ಕಾಫಿಗೆ ಹೂ ತರಿಸುವ ಹೂಮಳೆ ಬರುವವರೆಗಿನ ಒಣ ತಿಂಗಳುಗಳಲ್ಲಿ ಮೊದಲ ಎರಡು ವರ್ಷ ನೀರು ತಪ್ಪಿಸಬಾರದು. ನಾಲ್ಕು ತಿಂಗಳ ಜಡಿಮಳೆಯನ್ನು ಗೆದ್ದ ಗಿಡ ಫೆಬ್ರವರಿಯಲ್ಲಿ ಒಣಗುವುದನ್ನು ನೋಡಲು ಮನಸ್ಸಿಗೆ ಕಷ್ಟವಾಗುತ್ತದೆ. ಬುಡದ ಸುತ್ತ ತರಗೆಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ.

ಹಳದಿ ಗರಿ ಹೇಳುವುದು

ಹಳದಿ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ಹಳದಿಯಾಗಿರುವುದು ಹಳೆಯ ಗರಿಯೋ, ಹೊಸ ಗರಿಯೋ? ಪೊಟ್ಯಾಷ್, ಮೆಗ್ನೀಷಿಯಂ, ಸಾರಜನಕಗಳನ್ನು ಮರ ಒಂದು ಗರಿಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದು. ಮಣ್ಣಿನಲ್ಲಿ ಸಿಗದಾಗ ಹಳೆಯ ಗರಿಯಿಂದ ಹಿಂದಕ್ಕೆ ಎಳೆದು ಹೊಸದಕ್ಕೆ ಕೊಡುತ್ತದೆ, ಹಾಗಾಗಿ ಇವುಗಳ ಕೊರತೆ ಕೆಳಗಿನ ಗರಿಗಳಲ್ಲಿ ಎದ್ದು ಕಾಣುತ್ತದೆ. ಕಬ್ಬಿಣ, ಮ್ಯಾಂಗನೀಸ್, ಬೋರಾನ್‌ಗಳನ್ನು ಹೀಗೆ ಸಾಗಿಸುವುದು ಅದಕ್ಕೆ ಸುಲಭವಲ್ಲ, ಇವುಗಳ ಕೊರತೆ ಸುಳಿಯ ಕಡೆ ಕಾಣುತ್ತದೆ.

ಕೆಳಗಿನ ಗರಿಗಳಲ್ಲಿ ಹಳದಿ–ಕಿತ್ತಳೆ ಚುಕ್ಕೆಗಳು ಎದ್ದು, ಎಲೆಗಳ ತುದಿ ಸುಟ್ಟಂತೆ ಒಣಗಿದರೆ ಪೊಟ್ಯಾಷ್ ಕೊರತೆ. ಎಲೆಯ ಅಂಚಿನಲ್ಲಿ ನಿಂಬೆಹಳದಿ ಪಟ್ಟಿ, ನಡುವೆ ಹಸಿರು ಉಳಿದರೆ ಮೆಗ್ನೀಷಿಯಂ. ಕೊಡಗಿನ ಹುಳಿ ಮಣ್ಣಿನಲ್ಲಿ ಇವೆರಡೂ ಮಳೆನೀರಿನ ಜೊತೆ ಇಳಿದುಹೋಗುತ್ತವೆ. ಹೊಸ ಗರಿಯೇ ಬಿಳಿಚಿಕೊಂಡು ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ, ಅದಕ್ಕೆ ಕಾರಣ ಹೆಚ್ಚಾಗಿ ಮಣ್ಣಿನಲ್ಲಿ ಕಬ್ಬಿಣ ಇಲ್ಲದಿರುವುದಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನು ಬರ? ನೀರು ನಿಂತೋ ಆಳಕ್ಕೆ ನೆಟ್ಟೋ ಬೇರು ಕೆಟ್ಟಿರುತ್ತದೆ, ಹೀರಿಕೊಳ್ಳಲಾಗುತ್ತಿಲ್ಲ. ಅದಕ್ಕೆ ಔಷಧಿ ಗುದ್ದಲಿ, ಬಸಿಗಾಲುವೆ ತೆಗೆಯಿರಿ.

ಹೊಸ ಗರಿ ಸುರುಟಿಕೊಂಡು, ಒಣಗಿ, ಕುರುಚಲಾಗಿ ಬರುವುದು ಮ್ಯಾಂಗನೀಸ್ ಕೊರತೆಯ ಲಕ್ಷಣ. ಹುಳಿ ಮಣ್ಣಿನಲ್ಲಿ ಇದು ಬರಬಾರದು. ಆದರೂ ಹೊಸ ಮನೆಯ ಕಾಂಪೌಂಡಿನ ಪಕ್ಕದ ಪಾಮ್‌ಗಳಲ್ಲಿ ಇದು ಕಂಡರೆ ಬುಡ ಕೆದಕಿ ನೋಡಿ. ಕಟ್ಟಡ ಕೆಲಸದ ಸಿಮೆಂಟ್, ಸುಣ್ಣದ ಗಾರೆ, ಒಡೆದ ಕಾಂಕ್ರೀಟನ್ನು ಅಲ್ಲೇ ಹೂತುಬಿಟ್ಟಿದ್ದರೆ ಆ ಜಾಗದ ಮಣ್ಣು ಮಾತ್ರ ಕ್ಷಾರವಾಗಿ ಮ್ಯಾಂಗನೀಸನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಕಸವನ್ನು ಎತ್ತಿ ಹಾಕಿ ತೋಟದ ಮಣ್ಣು ತುಂಬುವುದೇ ಪರಿಹಾರ.

ಬೋರಾನ್ ಕೊರತೆಯಲ್ಲಿ ಎಲೆಗಳ ತುದಿ ಕೊಕ್ಕೆಯಂತೆ ಬಾಗುತ್ತದೆ, ಗರಿ ಬಿಚ್ಚದೆ ಮುದುಡಿಕೊಳ್ಳುತ್ತದೆ. ಒಂದೇ ಒಂದು ಭಾರಿ ಮಳೆಯೂ ಬೇರಿನ ವಲಯದ ಬೋರಾನನ್ನು ತಾತ್ಕಾಲಿಕವಾಗಿ ತೊಳೆದುಬಿಡಬಲ್ಲದು. ಆ ಹೊತ್ತಿಗೆ ಸುಳಿಯೊಳಗೆ ರೂಪುಗೊಳ್ಳುತ್ತಿದ್ದ ಗರಿ ಕೆಡುತ್ತದೆ, ತಿಂಗಳುಗಳ ನಂತರ ಬಿಸಿಲುಗಾಲದಲ್ಲಿ ಹೊರಬಂದಾಗ ನಮಗೆ ಕಾರಣ ತೋಚುವುದಿಲ್ಲ. ಒಂದೆರಡು ಗರಿ ಹಾಗೆ ಬಂದು ಮುಂದಿನವು ನೆಟ್ಟಗಿದ್ದರೆ ಏನೂ ಮಾಡಬೇಡಿ. ಬೋರಾನ್ ಕೊಡುವ ಬೋರಾಕ್ಸ್ ಸ್ವಲ್ಪ ಹೆಚ್ಚಾದರೂ ಗಿಡಕ್ಕೆ ವಿಷ, ಮಣ್ಣು ಪರೀಕ್ಷೆ ಮಾಡಿಸದೆ ಅದನ್ನು ಹಾಕಲೇಬಾರದು.

ಗೊಬ್ಬರದ ಲೆಕ್ಕಕ್ಕೆ ಅಡಿಕೆ, ತೆಂಗಿನ ಶಿಫಾರಸುಗಳೇ ದಾರಿ ತೋರಿಸುತ್ತವೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ತೆಂಗಿಗೆ 500, 320, 1,200 ಗ್ರಾಂ. ಅಮೆರಿಕದ ಫ್ಲಾರಿಡಾದಲ್ಲಿ ಅಲಂಕಾರದ ಪಾಮ್‌ಗಳಿಗೆ ಹೇಳುವ ಪ್ರಮಾಣ 8–2–12, ಜೊತೆಗೆ 4 ಭಾಗ ಮೆಗ್ನೀಷಿಯಂ. ಮೂರರಲ್ಲೂ ಪೊಟ್ಯಾಷ್ ಸಾರಜನಕಕ್ಕಿಂತ ಹೆಚ್ಚಾಗಿದೆ. ತೋಟಕ್ಕೆ ತಂದು ಉಳಿದ ಯೂರಿಯಾವನ್ನೋ ಮೂರೂ ಸಮವಾಗಿರುವ 17–17–17 ಗೊಬ್ಬರವನ್ನೋ ಪಾಮ್ ಬುಡಕ್ಕೆ ಸುರಿಯುವ ಅಭ್ಯಾಸ ಇಲ್ಲಿಯೇ ತಪ್ಪುತ್ತದೆ. ಸಾರಜನಕದಿಂದ ಗಿಡ ಹಸಿರೇರಿ ವೇಗವಾಗಿ ಬೆಳೆಯುತ್ತದೆ, ಬೆಳೆದ ಹೊಸ ಗರಿಗಳಿಗೆ ಬೇಕಾದ ಪೊಟ್ಯಾಷನ್ನು ಹಳೆಯ ಗರಿಗಳಿಂದ ಕಿತ್ತುಕೊಳ್ಳುತ್ತದೆ, ಕೊರತೆ ಇನ್ನೂ ಬಿಗಡಾಯಿಸುತ್ತದೆ.

ಅಡಿಕೆ ಗಾತ್ರದ ಬಲಿತ ಪಾಮ್‌ಗೆ ಅಡಿಕೆಯ ಅಳತೆ, ಎಳೆಯದಕ್ಕೆ ಅದರ ಮೂರನೇ ಒಂದು ಭಾಗ ಸಾಕು. ಒಂದು ಕಂತನ್ನು ಏಪ್ರಿಲ್–ಮೇ ಮಳೆಯ ತೇವಕ್ಕೆ, ಇನ್ನೊಂದನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೊಡಿ. ಜುಲೈಯಲ್ಲಿ ಹಾಕಿದ್ದು ಹೊಳೆಗೆ ಹೋಗುತ್ತದೆ. ಬುಡಕ್ಕೆ ರಾಶಿ ಹಾಕದೆ ಗರಿಗಳ ನೆರಳು ಬೀಳುವಷ್ಟು ಅಗಲಕ್ಕೆ ಹರಡಿ. ಹುಳಿ ತೀರಾ ಹೆಚ್ಚಿದ್ದರೆ ಡೋಲೊಮೈಟ್ ಕೊಡುವುದರಿಂದ ಮೆಗ್ನೀಷಿಯಂ ಕೂಡ ಸಿಗುತ್ತದೆ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಮಣ್ಣಿನ ಬಗ್ಗೆ ಸಲಹೆ ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳುವುದು ಉತ್ತಮ. ಗೊಬ್ಬರ ಹಾಕಿದ ಮೇಲೆ ಹಳದಿ ಗರಿ ಹಸಿರಾಗುವುದನ್ನು ಕಾಯಬೇಡಿ, ಪೊಟ್ಯಾಷ್ ಕೊರತೆಯ ಚುಕ್ಕೆಗಳು ಹೋಗುವುದಿಲ್ಲ. ಹೊಸ ಗರಿಗಳು ಬಂದು ಇಡೀ ತಲೆ ಬದಲಾಗಲು ಒಂದೆರಡು ವರ್ಷ ಬೇಕು.

ಕತ್ತಿ ಎಲ್ಲಿ ನಿಲ್ಲಬೇಕು

ಈಗ ಕತ್ತಿಯ ಮಾತಿಗೆ ಮರಳಬಹುದು. ಹಳದಿಯಾದ ಕೆಳಗಿನ ಗರಿ ನೋಡಲು ಚೆಂದವಲ್ಲ, ನಿಜ. ಆದರೆ ಪೊಟ್ಯಾಷ್ ಕೊರತೆಯಿರುವ ಮರಕ್ಕೆ ಅದೇ ದಾಸ್ತಾನು. ಅದನ್ನು ಕಡಿದ ದಿನವೇ ಮರ ಅದಕ್ಕಿಂತ ಮೇಲಿನ ಗರಿಯಿಂದ ಪೊಟ್ಯಾಷ್ ಎಳೆಯತೊಡಗುತ್ತದೆ, ಮುಂದಿನ ಸುತ್ತಿಗೆ ಅದೂ ಹಳದಿ. ಹೀಗೆ ಕಡಿಯುತ್ತಾ ಹೋದರೆ ತುದಿಯಲ್ಲಿ ನಾಲ್ಕೈದು ಗರಿಗಳ ಜುಟ್ಟು ಉಳಿಯುತ್ತದೆ, ಕಾಂಡ ಸಪೂರವಾಗುತ್ತದೆ. ಮರಗಸಿಯ ಹೊತ್ತಿನಲ್ಲಿ ಆಳುಗಳು ಬಂದಿದ್ದಾರೆಂದು ಪಾಮ್‌ಗಳಿಗೂ ಕ್ಷೌರ ಮಾಡಿಸುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಪೂರ್ತಿ ಒಣಗಿ ಕಂದಾದ ಗರಿಯನ್ನು ಮಾತ್ರ ತೆಗೆಯಿರಿ. ನೆಲಕ್ಕೆ ಸಮಾನಾಂತರವಾಗಿ ಚಾಚಿದ ಹಸಿರು ಗರಿಗಳನ್ನೂ ಅದಕ್ಕಿಂತ ಮೇಲಿನವನ್ನೂ ಮುಟ್ಟಲೇಬೇಡಿ. ರಾಯಲ್, ಕಿಂಗ್, ಫಾಕ್ಸ್‌ಟೇಲ್‌ಗಳು ಅಡಿಕೆಯಂತೆ ಹಾಳೆ ಸಮೇತ ಗರಿಯನ್ನು ತಾವೇ ಕಳಚುತ್ತವೆ. ಹಸಿ ಹಾಳೆಯನ್ನು ಎಳೆದು ಕಿತ್ತರೆ ಒಳಗಿನ ಎಳೆಯ ಕಾಂಡ ಗಾಯಗೊಳ್ಳುತ್ತದೆ.

ಮಳೆಗಾಲದಲ್ಲಿ ಹಸಿರು ಗರಿ ಕಡಿಯುವುದಕ್ಕೆ ಇನ್ನೊಂದು ಅಪಾಯ ಅಂಟಿಕೊಂಡಿದೆ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಮರಿಗಳು ಕಾಂಡದೊಳಗೇ ಕೊರೆಯುತ್ತಾ ಬೆಳೆಯುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಕಾಂಡದ ತೂತಿನಿಂದ ಕಂದು ರಸ ಒಸರುವುದು, ಜಗಿದ ನಾರು ಹೊರಬರುವುದು ಕಂಡಾಗಲೇ ಎಚ್ಚರಗೊಳ್ಳಬೇಕು, ತಲೆ ವಾಲಿದ ಮೇಲೆ ಮರ ಉಳಿಯುವುದಿಲ್ಲ. ಈ ಹುಳುವಿಗೆ ದಾರಿ ಮಾಡಿಕೊಡುವುದು ಕುರುವಾಯಿ ದುಂಬಿ. ಅದು ಸುಳಿಯನ್ನು ಕೊರೆದರೆ, ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದಂಥ ತ್ರಿಕೋನ ಕಚ್ಚುಗಳು ಕಾಣುತ್ತವೆ. ಕುರುವಾಯಿ ಹುಟ್ಟುವುದು ಗೊಬ್ಬರದ ಗುಂಡಿ, ಕೊಳೆತ ತೆಂಗಿನ ಬೊಡ್ಡೆಗಳಲ್ಲಿ, ಹಾಗಾಗಿ ತೋಟದ ಮನೆಗಳಿಗೆ ಅದು ಖಾಯಂ ನೆಂಟ. ಗುಂಡಿಯ ಗೊಬ್ಬರವನ್ನು ಆಗಾಗ ತಿರುವಿ ಬಿಳಿ ಹುಳುಗಳನ್ನು ಆರಿಸಿ ತೆಗೆಯುವುದು, ಆ ಹುಳುಗಳನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರವನ್ನು ಗುಂಡಿಗೆ ಬೆರೆಸುವುದು, ಎಳೆಯ ಪಾಮ್‌ನ ಗರಿ ಸಂದುಗಳಿಗೆ ಬೇವಿನ ಹಿಂಡಿ ಮತ್ತು ಮರಳು ತುಂಬುವುದು ಪರಿಣಾಮಕಾರಿ.

ಮಳೆಗಾಲದ ದೊಡ್ಡ ಶತ್ರು ಸುಳಿ ಕೊಳೆ. ಅಡಿಕೆಯ ಕೊಳೆರೋಗವನ್ನು ತರುವ ಫೈಟಾಫ್ತೊರಾ ಎಂಬ ರೋಗಾಣು ಕುಲದ್ದೇ ಕೆಲಸ ಇದು. ನಡುವಿನ ಬಿಚ್ಚದ ಗರಿ ಬಿಳಿಚಿ ವಾಲುತ್ತದೆ, ಎಳೆದರೆ ದುರ್ವಾಸನೆಯೊಂದಿಗೆ ಕಿತ್ತು ಬರುತ್ತದೆ. ಆ ಹಂತದಲ್ಲೂ ಕೊಳೆತ ಭಾಗವನ್ನು ಪೂರ್ತಿ ಕೆರೆದು, ಮೈಲುತುತ್ತ, ಸುಣ್ಣ ಬೆರೆಸಿದ ಶೇಕಡಾ 10ರ ಬೋರ್ಡೋ ಮುಲಾಮು ಹಚ್ಚಿ, ಮಳೆನೀರು ಇಳಿಯದಂತೆ ಮುಚ್ಚಿದರೆ ಕೆಲವು ಮರಗಳು ಉಳಿಯುತ್ತವೆ. ಬರುವ ಮೊದಲೇ ತಡೆಯುವುದು ಸುಲಭ. ಕರಿಮೆಣಸಿಗೋ ಅಡಿಕೆಗೋ ಬೋರ್ಡೋ ಸಿಂಪಡಿಸುವ ದಿನ ಅದೇ ಶೇಕಡಾ 1ರ ದ್ರಾವಣವನ್ನು ಪಾಮ್ ಸುಳಿಗೂ ಹಾಯಿಸಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು 40 ದಿನಗಳ ಮೇಲೆ ಹೊಳವು ಸಿಕ್ಕಾಗ ಇನ್ನೊಮ್ಮೆ. ಕಾಂಡದ ಮೇಲಿನ ಪಾಚಿ, ಕಲ್ಲುಹೂವುಗಳಿಗೆ ಮಾತ್ರ ಏನೂ ಸಿಂಪಡಿಸಬೇಡಿ. ಅವು ಮರದಿಂದ ಏನನ್ನೂ ಹೀರುವುದಿಲ್ಲ.

ನಮ್ಮದೇ ಕಾಡಿನ ಪಾಮ್

ಹೊರದೇಶದ ಪಾಮ್‌ಗಳಿಗೆ ಸಾವಿರಾರು ರೂಪಾಯಿ ಕೊಡುವವರಿಗೆ ಬೈನೆ ಮರ ಕಣ್ಣಿಗೆ ಬೀಳುವುದಿಲ್ಲವೆಂಬುದು ನನಗೆ ಬೇಸರದ ಸಂಗತಿ. ಮೀನಿನ ಬಾಲದಂತೆ ಸೀಳಿದ ಎಲೆ, ಜಡೆಯಂತೆ ಇಳಿಬಿದ್ದ ಹೂಗೊಂಚಲಿನ ಬೈನೆ ಜಗತ್ತಿನ ಅಲಂಕಾರದ ಪಾಮ್‌ಗಳಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಬೇರೆ ದೇಶಗಳಲ್ಲಿ ಅದನ್ನು ಆಸೆಪಟ್ಟು ನೆಡುತ್ತಾರೆ. ಪಶ್ಚಿಮ ಘಟ್ಟದ ಮಳೆಗೆ ಹುಟ್ಟಿಬೆಳೆದ ಮರವಾದ್ದರಿಂದ ಮೇಲೆ ಹೇಳಿದ ಆರೈಕೆಯಲ್ಲಿ ಅರ್ಧವೂ ಅದಕ್ಕೆ ಬೇಕಾಗಿಲ್ಲ.

ಎರಡು ವಿಷಯ ತಿಳಿದಿರಬೇಕು. ಬೈನೆ ಜೀವಮಾನದಲ್ಲಿ ಹೂ ಬಿಡುವುದು ಒಂದೇ ಅವಧಿ. ಮೊದಲ ಗೊಂಚಲು ತುದಿಯಲ್ಲಿ ಬರುತ್ತದೆ, ಅನಂತರದವು ಒಂದೊಂದಾಗಿ ಕೆಳಕೆಳಗೆ ಇಳಿಯುತ್ತವೆ. ಕೆಲವು ವರ್ಷಗಳಲ್ಲಿ ಕೊನೆಯ ಗೊಂಚಲು ಹಣ್ಣಾದ ಮೇಲೆ ಮರ ಒಣಗುತ್ತದೆ. ಅದು ರೋಗವಲ್ಲ, ಔಷಧಿ ಹೊಡೆಯಬೇಡಿ. ಹೂ ಕಂಡ ವರ್ಷವೇ ಪಕ್ಕದಲ್ಲಿ ಇನ್ನೊಂದು ಸಸಿ ನೆಡಿ. ಎರಡನೆಯದು ಆನೆ. ಬೈನೆ ಎಂದರೆ ಆನೆಗೆ ಪ್ರಾಣ. ತಿತಿಮತಿ, ಸಿದ್ದಾಪುರ, ಮಾಲ್ದಾರೆ ಕಡೆ ತೋಟಕ್ಕೆ ಆನೆ ಬರುವ ಊರುಗಳಲ್ಲಿ ಮನೆಯ ಬಳಿ ಬೈನೆ ನೆಡುವುದು ಅಪಾಯವನ್ನು ಅಂಗಳಕ್ಕೆ ಕರೆದಂತೆ. ಅಂಥ ಕಡೆ ಎಳೆಯ ತೆಂಗು, ಅಡಿಕೆಗಳೇ ಉಳಿಯುವುದು ಕಷ್ಟ, ಉಳಿದ ಪಾಮ್‌ಗಳನ್ನೂ ಆನೆ ಬಿಡುತ್ತದೆಂದು ನಂಬಬಾರದು. ಅಲ್ಲಿಯವರು ಜಗಲಿಯ ರಾಪಿಸ್, ಕಮೆಡೋರಿಯಾ ಕುಂಡಗಳಿಗೆ ಸಮಾಧಾನಪಡುವುದೇ ವಿವೇಕ.

ಕಾಡಿನಿಂದ ಬೈನೆ ಸಸಿ ಕೀಳಬಾರದು. ಅರಣ್ಯದೊಳಗಿಂದ ಗಿಡ ತರುವುದು ಅಪರಾಧ, ತಂದರೂ ಬೇರು ತುಂಡಾಗಿ ಹೆಚ್ಚಿನವು ಬದುಕುವುದಿಲ್ಲ. ತೋಟದಲ್ಲೇ ಇರುವ ಮರದ ಕೆಳಗೆ ಹಣ್ಣು ಬೇಕಾದಷ್ಟು ಸಿಗುತ್ತದೆ, ಪುನುಗು ಬೆಕ್ಕು ತಿಂದು ಬಿಟ್ಟ ಬೀಜ ಶುಚಿಯಾಗಿಯೇ ಸಿಗುತ್ತದೆ. ಹಣ್ಣಿನ ತಿರುಳಿನಲ್ಲಿ ಸೂಜಿಯಂಥ ಹರಳುಗಳಿದ್ದು ಚರ್ಮ ವಿಪರೀತ ತುರಿಸುವುದರಿಂದ ಕೈಗವಸು ಹಾಕಿಕೊಂಡು ತಿರುಳು ತೆಗೆಯಿರಿ. ಹೆಚ್ಚಿನ ಪಾಮ್ ಬೀಜಗಳನ್ನು ಒಣಗಿಸಿ ಕೂಡಿಡುವಂತಿಲ್ಲ, ಹಸಿಯಾಗಿದ್ದಾಗಲೇ ಬಿತ್ತಬೇಕು. ಮೊಳೆಯಲು ಬಿಸಿ ಬೇಕಾದ್ದರಿಂದ ಮಾರ್ಚ್–ಏಪ್ರಿಲ್ ಸೂಕ್ತ. ಮರಳು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದ ಆಳವಾದ ಚೀಲದಲ್ಲಿ ಒಂದಿಂಚು ಕೆಳಗೆ ಬೀಜ ಇಟ್ಟು, ತೇವ ಆರದಂತೆ ಅರೆನೆರಳಿನಲ್ಲಿಡಿ. ಮೊಳಕೆ ಏಳಲು ತಿಂಗಳುಗಳೇ ಹಿಡಿಯಬಹುದು. ಏಳಲಿಲ್ಲವೆಂದು ಕೆದಕಿ ನೋಡಬೇಡಿ, ಮೊದಲ ಬೇರು ಮುರಿದರೆ ಆ ಬೀಜ ಮತ್ತೆ ಮೊಳೆಯುವುದಿಲ್ಲ.